ಸಿನಿಮಾದಲ್ಲಿತ್ತು, ಡಿಸ್ಕ್‌ನಲ್ಲಿರಲಿಲ್ಲ

ಹಾಲಿವುಡ್‌ನ ಆ್ಯಕ್ಷನ್ ಸಿನಿಮಾ 'ಡೈ ಹಾರ್ಡ್' ತೆರೆ ಕಂಡಿದ್ದು 1988ರಲ್ಲಿ. ಅದರ ಹಿನ್ನೆಲೆ ಸಂಗೀತದ ಆಲ್ಬಮ್ ಹೊರಬಂದಿದ್ದು 2002ರಲ್ಲಿ. ಅದೂ 3,000 ಪ್ರತಿ ಮಾತ್ರ. ಹದಿನಾಲ್ಕು ವರ್ಷ ಕಾದವರಿಗೆ ಇಷ್ಟು ಸಿಕ್ಕಿತು. ನನಗೆ ಅದು ಸಿಕ್ಕಿದ್ದು ಇನ್ನೂ ಎಷ್ಟೋ ಕಾಲದ ಮೇಲೆ, ಬೇರೊಬ್ಬ ಸಂಗ್ರಹಕಾರರು ತಮ್ಮ ಕಪಾಟು ಖಾಲಿ ಮಾಡುವಾಗ.

ಡಿಸ್ಕ್ ಕೈಗೆ ಬಂದ ವಾರವೇ ಒಂದು ಭಾನುವಾರ ಪಟ್ಟಾಗಿ ಕೂತೆ. ಟಿವಿಯಲ್ಲಿ ಸಿನಿಮಾ, ಪಕ್ಕದಲ್ಲಿ ಪ್ಲೇಯರ್, ತೊಡೆಯ ಮೇಲೆ ನೋಟ್‌ಬುಕ್. ಈ ಡಿಸ್ಕ್‌ನಲ್ಲಿ ಸಂಗೀತ ಸಿನಿಮಾದಲ್ಲಿ ಇದ್ದಂತೆಯೇ ಇಲ್ಲ. ಕೆಲವು ಕಡೆ ಎರಡು ಮೂರು ಕ್ಯೂಗಳನ್ನು, ಅಂದರೆ ಒಂದೊಂದು ಸೀನ್‌ಗೆ ಬರೆದ ಸಂಗೀತದ ತುಣುಕುಗಳನ್ನು, ಅಂಟಿಸಿ ಒಂದು ಟ್ರ್ಯಾಕ್ ಮಾಡಿದ್ದಾರೆ, ಕೆಲವನ್ನು ಬಿಟ್ಟೇ ಬಿಟ್ಟಿದ್ದಾರೆ. ಯಾವ ಸೀನ್‌ಗೆ ಯಾವುದು ಅಂತ ಹೊಂದಿಸಿ ಬರೆದುಕೊಳ್ಳುವುದು ನನ್ನ ಹುಚ್ಚು. ಎರಡು ನಿಮಿಷ ನೋಡುವುದು, ನಿಲ್ಲಿಸುವುದು, ಟ್ರ್ಯಾಕ್ ಹುಡುಕುವುದು, ಬರೆಯುವುದು.

ಅಕ್ಕ ಎರಡು ಸಲ ಬಾಗಿಲಲ್ಲಿ ಇಣುಕಿ ಹೋದಳು. ಮೂರನೇ ಸಲ ಕೇಳಿಯೇಬಿಟ್ಟಳು, "ಸಿನಿಮಾ ನೋಡ್ತಿದ್ದೀಯೋ, ಲೆಕ್ಕಪತ್ರ ಬರೀತಿದ್ದೀಯೋ?"

ಹೀಗೆ ಕೂತು ಕೇಳಿದರೆ ಇದರ ಸಂಗೀತ ನಿರ್ದೇಶಕ ಮೈಕಲ್ ಕೇಮನ್ ಮಾಡಿರುವ ತರಲೆ ಎಲ್ಲ ಗೊತ್ತಾಗುತ್ತದೆ. ಕಥೆ ನಡೆಯುವುದು ಕ್ರಿಸ್‌ಮಸ್ ಹಿಂದಿನ ರಾತ್ರಿ, ತಿಜೋರಿ ದೋಚಲು ಕಳ್ಳರು ನುಗ್ಗಿದ ಒಂದು ಎತ್ತರದ ಕಟ್ಟಡದಲ್ಲಿ. ಹಾಗಾಗಿ ಬಂದೂಕು ಹಿಡಿದವರು ಕಾರಿಡಾರ್‌ನಲ್ಲಿ ಹೆಜ್ಜೆ ಇಡುವಾಗಲೂ ಎಲ್ಲೋ ಸಣ್ಣಗೆ ಗೆಜ್ಜೆ ಸದ್ದು. ಕೇಳಿದರೆ ಹಬ್ಬದ ಖುಷಿ ಬರಬೇಕು, ಆದರೆ ಮೈ ಜುಂ ಅನ್ನುತ್ತದೆ. ಬೀಥೋವನ್‌ನ ಒಂಬತ್ತನೇ ಸಿಂಫನಿಯ ಆ ಪ್ರಸಿದ್ಧ ಧಾಟಿಯನ್ನು ಕೇಮನ್ ಕಳ್ಳರಿಗೆ ಕೊಟ್ಟಿದ್ದಾರೆ. ಮೊದಮೊದಲು ಅದು ಅಲ್ಲೊಂದು ಇಲ್ಲೊಂದು ಚೂರಾಗಿ, ಕೆಳಗಿನ ಸ್ವರಗಳಲ್ಲಿ ನುಸುಳುತ್ತದೆ. ತಿಜೋರಿ ತೆರೆದುಕೊಳ್ಳುವಾಗ ಇಡೀ ಆರ್ಕೆಸ್ಟ್ರಾ ಅದನ್ನು ಬಾಯಿ ತುಂಬ ಹಾಡುತ್ತದೆ. ಆ ಚೂರುಗಳನ್ನೆಲ್ಲ ಕೇಳದೆ ತಿಜೋರಿಯ ಸೀನ್ ಮಾತ್ರ ಕೇಳಿದರೆ ಅರ್ಧ ಮಜಾ ಹೋಯಿತು. ಪೂರ್ತಿ ಆಲ್ಬಮ್ ಬೇಕು ಅಂತ ನಾನು ಹಠ ಹಿಡಿಯುವುದು ಇದಕ್ಕೇ.

ಹಾಗಾದರೆ ಮೊದಲೇ ಪೂರ್ತಿ ಯಾಕೆ ಕೊಡಲಿಲ್ಲ? ಜಿಪುಣತನ ಅಂತ ಬೈಯುವವರು ಜಾಸ್ತಿ. ಅಸಲಿ ಕಾರಣ ದುಡ್ಡೇ, ಆದರೆ ಸ್ವಲ್ಪ ಬೇರೆ ಥರ. ಅಮೆರಿಕದಲ್ಲಿ ವಾದ್ಯಗಾರರಿಗೆ ಸಿನಿಮಾಕ್ಕೆ ನುಡಿಸಿದ್ದಕ್ಕೆ ಒಂದು ಸಂಬಳ. ಅದೇ ರೆಕಾರ್ಡಿಂಗನ್ನು ಆಲ್ಬಮ್ ಮಾಡಿದರೆ ಅವರ ಸಂಘದ ನಿಯಮದಂತೆ ಮತ್ತೆ ಹಣ ಕೊಡಬೇಕು. ದೊಡ್ಡ ಆರ್ಕೆಸ್ಟ್ರಾ ಆದರೆ ಅದು ಸಣ್ಣ ಮೊತ್ತವಲ್ಲ. ಹಾಗಾಗಿ ಆ ಕಾಲದಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೆಕಾರ್ಡ್ ಆದ ಸಂಗೀತದ ಆಲ್ಬಮ್‌ಗಳು ಅರ್ಧ ಗಂಟೆಗೇ ಮುಗಿಯುತ್ತಿದ್ದವು. ಎಷ್ಟೋ ಸಿನಿಮಾಗಳಿಗೆ ಅದೂ ಇಲ್ಲ. ಲಂಡನ್‌ನಲ್ಲಿ ರೆಕಾರ್ಡ್ ಮಾಡಿದರೆ ಈ ತಲೆನೋವು ಕಡಿಮೆ. ವಾದ್ಯಗಾರರ ತಪ್ಪು ಅಂತ ನಾನು ಹೇಳಲಾರೆ. ನುಡಿಸಿದವರು ಅವರು, ಅವರಿಗೆ ಸಿಗಬೇಕಾದ್ದು ಸಿಗಲಿ.

ಸಂಜೆ ಹೊತ್ತಿಗೆ ಕಡೆಯ ಸೀನ್‌ಗೆ ಬಂದೆ. ಎಲ್ಲ ಮುಗಿಯಿತು ಅಂದುಕೊಳ್ಳುವಾಗ ಸತ್ತನೆಂದು ತಿಳಿದಿದ್ದ ಕಳ್ಳ ಕಾರ್ಲ್ ಬಂದೂಕು ಹಿಡಿದು ಎದ್ದು ಬರುತ್ತಾನೆ. ಪೊಲೀಸ್ ಪೊವೆಲ್ ಅವನನ್ನು ಹೊಡೆದು ಬೀಳಿಸುತ್ತಾನೆ. ಅಲ್ಲಿ ಹಿತ್ತಾಳೆ ವಾದ್ಯಗಳು ಒಮ್ಮೆಲೇ ಎದ್ದು ನಿಲ್ಲುತ್ತವೆ. ಡಿಸ್ಕ್ ಹಾಕಿದೆ, ಹುಡುಕಿದೆ. ಇಲ್ಲ. ಇದು ಕೇಮನ್ ಥರ ಕೇಳಿಸುತ್ತಲೂ ಇರಲಿಲ್ಲ. ಆದರೆ ಈ ಧಾಟಿ ನನಗೆ ಗೊತ್ತು! ಎಲ್ಲೋ ಕೇಳಿದ್ದೇನೆ, ಒಂದು ಸಲ ಅಲ್ಲ, ನೂರು ಸಲ.

ಕಪಾಟಿನ ಮುಂದೆ ಹೋಗಿ ನಿಂತೆ. ಬೆನ್ನುಪಟ್ಟಿಗಳ ಮೇಲೆ ಕಣ್ಣಾಡಿಸುತ್ತಾ 'ಏಲಿಯನ್ಸ್' ಬಂದ ಕೂಡಲೇ ತಲೆಯೊಳಗೆ ಅದೇ ಸಂಗೀತ ತಾನಾಗಿ ಶುರುವಾಯಿತು. 1986ರ ಸಿನಿಮಾ, ಜೇಮ್ಸ್ ಹಾರ್ನರ್ ಸಂಗೀತ, ನುಡಿಸಿದ್ದು ಲಂಡನ್ ಸಿಂಫನಿ ಆರ್ಕೆಸ್ಟ್ರಾ. ಕಡೆಯ ಟ್ರ್ಯಾಕ್ ಹಾಕಿದೆ. ಅದೇ. ಸ್ವರಕ್ಕೆ ಸ್ವರ ಅದೇ.

ಮಜಾ ಏನು ಗೊತ್ತಾ? ಆ ಭಾಗ 'ಏಲಿಯನ್ಸ್' ಸಿನಿಮಾದಲ್ಲಿ ಬಳಕೆಯಾಗಲೇ ಇಲ್ಲ. ಹಾರ್ನರ್‌ಗೆ ಸಿಕ್ಕಿದ ಸಮಯ ಬಹಳ ಕಡಿಮೆ, ಬರೆದದ್ದನ್ನು ಎಡಿಟಿಂಗ್‌ನಲ್ಲಿ ಕತ್ತರಿಸಿ ಅಲ್ಲಿದ್ದದ್ದನ್ನು ಇಲ್ಲಿ ಹಾಕಿದರು. ಹಾಗೆ ಉಳಿದುಹೋದದ್ದು ಎರಡು ವರ್ಷದ ನಂತರ ಬೇರೆ ಸಿನಿಮಾದ ಕ್ಲೈಮ್ಯಾಕ್ಸ್‌ಗೆ ಬಂದು ಕೂತಿತು. ಎಡಿಟ್ ಮಾಡುವಾಗ ಬೇರೆ ಸಿನಿಮಾಗಳ ಸಂಗೀತವನ್ನು ತಾತ್ಕಾಲಿಕವಾಗಿ ಹಾಕಿ ನೋಡುವ ಪದ್ಧತಿ ಇದೆ. ನಿರ್ದೇಶಕರ ಕಿವಿಗೆ ಅದೇ ಅಂಟಿಕೊಂಡರೆ ಕೆಲವೊಮ್ಮೆ ಅದೇ ಉಳಿದುಬಿಡುತ್ತದೆ.

ನೋಟ್‌ಬುಕ್‌ನಲ್ಲಿ ಆ ಸೀನ್‌ನ ಎದುರು ಏನು ಬರೆಯುವುದು ಅಂತ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಕೇಮನ್ ಬರೆದದ್ದೆಲ್ಲ ಕೊಟ್ಟರೂ ಸಿನಿಮಾದಲ್ಲಿ ಕೇಳಿದ್ದು ಪೂರ್ತಿ ಬರುವುದಿಲ್ಲ. ಸಿನಿಮಾದಲ್ಲಿ ಇದ್ದಷ್ಟೇ ಕೊಟ್ಟರೆ ಹಾರ್ನರ್‌ನ ಆ ಟ್ರ್ಯಾಕ್ 'ಏಲಿಯನ್ಸ್' ಆಲ್ಬಮ್‌ನಲ್ಲಿ ಇರುತ್ತಲೇ ಇರಲಿಲ್ಲ. ನನಗೆ ಎರಡೂ ಬೇಕು. ಬರೆದದ್ದು, ರೆಕಾರ್ಡ್ ಆದದ್ದು, ಬಿಸಾಡಿದ್ದು, ಎಲ್ಲಾ. ಪೂರ್ತಿ ಆಲ್ಬಮ್ ಅಂದರೆ ಅರ್ಧ ನಿಮಿಷದ ಚಿಲ್ಲರೆ ತುಣುಕುಗಳ ರಾಶಿ, ಬೋರು, ಅನ್ನುವವರಿದ್ದಾರೆ. ನಿಜ, ಎಷ್ಟೋ ತುಣುಕು ಬೋರೇ. ಆದರೆ ಯಾವುದನ್ನು ಬಿಡಬೇಕು ಅಂತ ನಾನು ತೀರ್ಮಾನ ಮಾಡ್ತೀನಿ. ರಿಮೋಟ್ ನನ್ನ ಕೈಯಲ್ಲೇ ಇದೆ, ಅಲ್ವಾ?

2011ರಲ್ಲಿ 'ಡೈ ಹಾರ್ಡ್'ಗೆ ಎರಡು ಡಿಸ್ಕ್‌ನ ಸೆಟ್ ಬಂತು. ಅದೂ ಸೀಮಿತ ಪ್ರತಿಗಳೇ. ಅದರ ಬೇಟೆ ನಡೆಯುತ್ತಿದೆ. ಅಷ್ಟರಲ್ಲಿ ಮುಂದಿನ ಲೆಕ್ಕ 1979ರ 'ಏಲಿಯನ್', 'ಏಲಿಯನ್ಸ್'ನ ಹಿಂದಿನ ಭಾಗ. ಅದಂತೂ ಇನ್ನೂ ಗೋಜಲು. ಜೆರ್ರಿ ಗೋಲ್ಡ್‌ಸ್ಮಿತ್ ಬರೆದದ್ದನ್ನು ಕೆಲವು ಕಡೆ ತೆಗೆದು, ಅವರೇ 1962ರ 'ಫ್ರಾಯ್ಡ್' ಸಿನಿಮಾಕ್ಕೆ ಮಾಡಿದ್ದ ಸಂಗೀತ ಹಾಕಿದ್ದಾರೆ. ಕೊನೆಗೆ ಅಮೆರಿಕದ ಸಂಗೀತಗಾರ ಹೊವರ್ಡ್ ಹ್ಯಾನ್ಸನ್‌ರ ಎರಡನೇ ಸಿಂಫನಿ. ಆವತ್ತು ಇಡೀ ದಿನ ಟಿವಿ ಸಿಗಲ್ಲ ಅಂತ ಅಕ್ಕನಿಗೆ ಈಗಲೇ ಹೇಳಿಟ್ಟಿದ್ದೇನೆ.