ನೀರಿಲ್ಲದ ಸೇತುವೆ
ಫ್ಲೋರಿಡಾದ ಒಕಾಲಾ ಪಟ್ಟಣದ ದಕ್ಷಿಣಕ್ಕೆ, ಹೆದ್ದಾರಿಯ ಎರಡು ಪಥಗಳ ನಡುವೆ ದೈತ್ಯ ಕಾಂಕ್ರೀಟ್ ಕಂಬಗಳು ನಿಂತಿವೆ. ಮೇಲೆ ಸೇತುವೆಯಿಲ್ಲ, ಕೆಳಗೆ ನೀರಿಲ್ಲ. ಅವುಗಳ ಫೋಟೋ ನೋಡುತ್ತಲೇ ಇಂದಿನ ಸಂಜೆ ಕಳೆಯಿತು.

1935, ಆರ್ಥಿಕ ಮಹಾಕುಸಿತದ ಕಾಲ. ಕೆಲಸವಿಲ್ಲದವರ ಕೈಗೆ ಕೂಲಿ ಸಿಗಲೆಂದು ಅಧ್ಯಕ್ಷ ರೂಸ್‌ವೆಲ್ಟ್ ಪರಿಹಾರ ನಿಧಿಯಿಂದ 50 ಲಕ್ಷ ಡಾಲರ್ ಕೊಟ್ಟು, ಅಟ್ಲಾಂಟಿಕ್‌ನಿಂದ ಮೆಕ್ಸಿಕೊ ಕೊಲ್ಲಿಗೆ ಹಡಗು ಕಾಲುವೆ ತೋಡಿಸಲು ಹೊರಟರು. ಆ ಕಂಬಗಳು ಈ ಕಾಲುವೆಯ ಮೇಲಿನ ಸೇತುವೆಗೆಂದು ಎದ್ದವು. ಸಾವಿರಾರು ಜನ ದುಡಿದರು. ಅಂತರ್ಜಲಕ್ಕೆ ಉಪ್ಪುನೀರು ನುಗ್ಗೀತೆಂದು ರೈತರು ಹೆದರಿದರು; ಅಮೆರಿಕದ ಸೆನೆಟ್‌ನಲ್ಲಿ ಮಿಷಿಗನ್‌ನ ಸದಸ್ಯ ವ್ಯಾಂಡನ್‌ಬರ್ಗ್ ಪಟ್ಟು ಹಿಡಿದು ವಿರೋಧಿಸಿದರು. 1936ರಲ್ಲಿ ಹಣ ನಿಂತಿತು, ಕೆಲಸವೂ.

ರೈತರ ಭಯ ನ್ಯಾಯವಾದದ್ದೇ, ಒಪ್ಪುತ್ತೇನೆ. ಆದರೆ ನನ್ನನ್ನು ಕಾಡುತ್ತಿರುವುದು ಸ್ಯಾಂಟೋಸ್ ಎಂಬ ಕಪ್ಪು ಜನರ ಹಳ್ಳಿ. ಬಾರದ ಕಾಲುವೆಗಾಗಿ ಅವರು ಮನೆಮಠ ಬಿಟ್ಟಿದ್ದರು.