ಕೆಂಪಿ ನಮ್ಮ ಮನೆಗೆ ಬರಲಿಲ್ಲ

ಪುಣೆಯ ಬ್ರೀಡರ್ ಹತ್ರ ಮುಧೋಳ ಮರಿಗೆ ಅಡ್ವಾನ್ಸ್ ಕೊಟ್ಟಿದ್ದೇವೆ ಅಂದಾಗ ಜಮಖಂಡಿಯ ನಮ್ಮ ಮಾವ ಜೋರಾಗಿ ನಕ್ಕಿದ್ದರು. "ಮುಧೋಳ ನಾಯಿ ಪುಣೇದಾಗ ರೊಕ್ಕ ಕೊಟ್ಟ ತರ್ತೀರೇನು? ಇಲ್ಲಿ ಹೊಲದಾಗ ಅಡ್ಡಾಡ್ತಾವಲ್ಲ!" ಮುಧೋಳ ಅವರಿಗೆ ಪಕ್ಕದ ತಾಲೂಕು, ನಗೋದು ಸಹಜ. ಆದ್ರೆ ನನ್ನ ಗಂಡನಿಗೆ ನಾಯಿಯ ತಳಿ ದಾಖಲಿಸೋ ಕೆನಲ್ ಕ್ಲಬ್‌ನ ಪೇಪರ್ ಬೇಕಿತ್ತು (ಆ ಪೇಪರಿನಲ್ಲಿ ಇದೇ ನಾಯಿ ಕ್ಯಾರವಾನ್ ಹೌಂಡ್ ಆಗುತ್ತೆ). ನನಗೆ ಮರಿಯ ತಾಯಿಯನ್ನು ಕಣ್ಣಾರೆ ನೋಡಬೇಕಿತ್ತು. ಪುಣೆ ಹತ್ರದ ಸಾಸವಡದ ಆಚೆ ತೋಟದಲ್ಲಿ ನಾಯಿ ಸಾಕುವವರೊಬ್ಬರು ಸಿಕ್ಕರು.

ಮರಿಗಳಿಗೆ ಆಗ ಮೂರು ವಾರ. ಕೆಂಪು ಮೈಯ ಹೆಣ್ಣು ಮರಿಯೊಂದನ್ನು ಎತ್ತಿ ಮಗಳ ಕೈಗೆ ಕೊಟ್ಟು "ಇದು ನಿಮ್ಮದು" ಅಂದರು. ಮಗಳು ಅಲ್ಲೇ ಕೆಂಪಿ ಅಂತ ಹೆಸರಿಟ್ಟಳು. ನಾಯಿ ಸಾಕಿ ಮಾರೋರಿಗೆ ಇರೋ 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಅದು ಸರಿಯೇ, ಕಚ್ಚಿದ್ರೆ ಎಷ್ಟು ನೋವಾಗುತ್ತೆ ಅನ್ನೋದನ್ನ ಮರಿ ಕಲಿಯೋದು ಒಡಹುಟ್ಟಿದ ಮರಿಗಳ ಜೊತೆ ಜಗಳ ಆಡಿಯೇ. ಅಲ್ಲಿಯವರೆಗೆ ವಾರಕ್ಕೊಂದು ವಿಡಿಯೋ ಬರುತ್ತಿತ್ತು. ನಾವು ಬಟ್ಟಲು ತಂದೆವು, ಹಾಸಿಗೆ ತಂದೆವು, ಬಾಲ್ಕನಿಗೆ ಜಾಳಿಗೆ ಹಾಕಿಸಿದೆವು, ಈ ಜಾತಿಯ ನಾಯಿ ಸಣ್ಣಗೇ ಇರೋದು, ಪಕ್ಕೆಲುಬು ಕಂಡ್ರೆ ಉಪವಾಸ ಹಾಕಿದ್ದೇವೆ ಅಂದ್ಕೋಬೇಡಿ ಅಂತ ಎದುರು ಮನೆಯವರಿಗೆ ಮೊದಲೇ ಹೇಳಿಟ್ಟಿದ್ದೆವು.

ಭಾನುವಾರ ತರಬೇಕಿತ್ತು. ಶನಿವಾರ ಸಂಜೆ ಬ್ರೀಡರ್ ಫೋನ್. ತನಗಾಗಿ ಇಟ್ಟುಕೊಂಡಿದ್ದ ಹೆಣ್ಣು ಮರಿಗೆ ದೊಡ್ಡದಾಗ್ತಾ ಹಲ್ಲಿನ ಜೋಡಣೆ ತಪ್ಪಿದೆ, ಅದನ್ನು ಮುಂದೆ ಮರಿ ಹಾಕಿಸೋಕೆ ಬಳಸಲ್ಲ, ಹಾಗಾಗಿ ಕೆಂಪಿಯನ್ನು ನಾನೇ ಇಟ್ಕೋತೀನಿ, ನಿಮಗೆ ಬೇಕಾದ್ರೆ ಗಂಡು ಮರಿ ಇದೆ ಅಂದರು. ನಾನು ಮಾತು ಹುಡುಕುತ್ತಾ ಇರುವಾಗಲೇ ಅಡ್ವಾನ್ಸ್ ವಾಪಸ್ ಬಂದ ಮೆಸೇಜ್ ಟಿಂಗ್ ಅಂತು. ಅದೇ ನನ್ನನ್ನು ಹೆಚ್ಚು ಉರಿಸಿದ್ದು. ದುಡ್ಡು ನುಂಗಿದ್ದರೆ ಜಗಳ ಆಡಬಹುದಿತ್ತು, ಅಲ್ವಾ? ಈಗ ಯಾರ ಮೇಲೆ ಯಾವ ತಪ್ಪು ಹೊರಿಸೋದು?

ಮಗಳು ಅಳಲಿಲ್ಲ. "ಅವರೇ ಕೊಟ್ಟಿದ್ದಲ್ವಾ ಅಮ್ಮಾ?" ಅಂತ ಒಂದೇ ಪ್ರಶ್ನೆ ಕೇಳಿದಳು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಮನೆಯಲ್ಲಿ ಕೂತರೆ ಆ ಖಾಲಿ ಹಾಸಿಗೆಯೇ ಕಾಣುತ್ತೆ ಅಂತ ಭಾನುವಾರ ಬೆಳಿಗ್ಗೆ ಗಂಡ ಎಲ್ಲರನ್ನೂ ವೇತಾಳ ಟೇಕಡಿಗೆ ಹೊರಡಿಸಿದರು. ಎಂಥ ಐಡಿಯಾ! ಭಾನುವಾರ ಆ ಗುಡ್ಡಕ್ಕೆ ಪುಣೆಯ ಅರ್ಧ ನಾಯಿಗಳು ವಾಕಿಂಗ್ ಬರುತ್ತವೆ. ಲ್ಯಾಬ್ರಡಾರ್, ಬೀಗಲ್, ಬೀದಿಯಿಂದ ತಂದು ಸಾಕಿದವು, ಒಂದಾದ ಮೇಲೆ ಒಂದು. ಗಂಡನ ಮುಖ ನೋಡಿ ನನಗೆ ನಗು ಬಂತು, ಆಮೇಲೆ ಮಗಳಿಗೂ ಬಂತು, ಇಳಿದು ಬಂದು ಮಿಸಳ್ ತಿಂದೆವು. ನಿಜ ಹೇಳಬೇಕಂದ್ರೆ ಆ ದಿನ ಸಹಾಯ ಆಗಿದ್ದು ಅಷ್ಟೇ.

ಸಮಾಧಾನ ಹೇಳಿದವರಿಂದ ಏನೂ ಆಗಲಿಲ್ಲ. "ನಾಯಿ ತಾನೇ, ಇನ್ನೊಂದು ತಗೊಳ್ಳಿ" ಅಂದವರು ಕೆಲವರು. ಬೀದಿ ಮರಿ ದತ್ತು ತಗೊಳ್ಳಿ ಅಂದರು ಕೆಳಗಿನ ಮನೆಯವರು. ಒಳ್ಳೆಯ ಮಾತೇ, ಆದರೆ ಹೇಳೋ ದಿನ ಅದಲ್ಲ. ಮಾವ ಮಾತ್ರ ನಗಲಿಲ್ಲ. "ಕೂಸಿಗೆ ತೋರಿಸಿ ಕಸಗೊಂಡ್ರಲ್ಲ, ಅದ ಛಲೋ ಆಗಲಿಲ್ಲ ನೋಡವ್ವಾ" ಅಂದರು. ನನಗೆ ಬೇಕಿದ್ದಿದ್ದು ಅದೇ ಮಾತು.

ಸಿಟ್ಟು ಇಳಿದ ಮೇಲೆ ಯೋಚಿಸಿದೆ. ಒಳ್ಳೆಯ ಹೆಣ್ಣು ಮರಿಯನ್ನು ಬ್ರೀಡರ್ ಇಟ್ಟುಕೊಳ್ಳೋದು ಮೋಸ ಅಲ್ಲ. ಮುಂದಿನ ತಲೆಮಾರು ಅದರಿಂದಲೇ ಬರಬೇಕು. ಗಂಡು ನಾಯಿಯ ಮಾಲೀಕರಿಗೂ ಎಷ್ಟೋ ಕಡೆ ಕ್ರಾಸಿಂಗ್ ದುಡ್ಡಿನ ಬದಲು ಒಂದು ಮರಿ ಆರಿಸಿಕೊಳ್ಳೋ ಹಕ್ಕು ಇರುತ್ತೆ. ನಮ್ಮಂಥವರ ಸರದಿ ಅದೆಲ್ಲ ಮುಗಿದ ಮೇಲೆ. ಆದರೆ ಹಲ್ಲು, ಕಾಲು, ಎದೆಯ ಅಂದಾಜು ಸಿಗೋಕೆ ಏಳೆಂಟು ವಾರ ಬೇಕು ಅಂತ ಗೊತ್ತಿರೋ ಮನುಷ್ಯ, ಮೂರು ವಾರದ ಮರಿ ತೋರಿಸಿ "ಇದು ನಿಮ್ಮದು" ಅಂದಿದ್ದು ತಪ್ಪು. ಈಗಲೂ ನಾನು ಹಾಗೇ ಹೇಳ್ತೀನಿ. ಅಡ್ವಾನ್ಸ್ ಕೊಡೋರು ಒಂದು ವಿಷಯ ಕೇಳಿ, ಬರೆಸಿಕೊಳ್ಳಿ: ಇದು ಈ ಮರಿಗೋ, ಯಾವುದೋ ಒಂದು ಮರಿಗೋ? ಮೊದಲು ಆರಿಸೋರು ಯಾರು?

ಆ ಗಂಡು ಮರಿ ಬೇಡ ಅಂದೆವು. ಅದರಲ್ಲೇನೂ ಕೊರತೆ ಇರಲಿಲ್ಲ ಪಾಪ, ಆದರೆ ಕೆಂಪಿ ಅಲ್ಲ ಅಂತ ದಿನಾ ನೋಡಿಸಿಕೊಳ್ಳೋ ಕರ್ಮ ಅದಕ್ಯಾಕೆ? ಅದೇ ತಾಯಿಯ ಮುಂದಿನ ಸೂಲಿಗೆ ಹೆಸರು ಬರೆಸಿದ್ದೇವೆ, ಮರಿಗಳಿಗೆ ಏಳು ವಾರ ಆಗೋವರೆಗೆ ನೋಡೋಕೂ ಬರಲ್ಲ ಅಂತ ಹೇಳಿದ್ದೇವೆ. ಮೊನ್ನೆ ಅವರು ಕೆಂಪಿ ಓಡೋ ವಿಡಿಯೋ ಕಳಿಸಿದ್ದರು. ಚೆನ್ನಾಗಿ ಬೆಳೆದಿದ್ದಾಳೆ. ಮಗಳಿಗೆ ತೋರಿಸಿಲ್ಲ. ಇನ್ನು ಇವಳ ವಿಡಿಯೋ ಬೇಡ, ಹೊಸ ಮರಿ ಹುಟ್ಟಿದಾಗ ಫೋನ್ ಮಾಡಿ ಸಾಕು ಅಂತ ವಾಪಸ್ ಬರೆದೆ.