ಹನ್ನೆರಡು ವರ್ಷದ ಹುಡುಗಿಗೆ ಈ ಲಸಿಕೆ ಈಗಲೇ ಏಕೆ?

ಹೊಸನಗರ ತಾಲ್ಲೂಕಿನ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದ ನನ್ನನ್ನು ತಾಯಂದಿರು ಈಗಲೂ ದಾರಿಯಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆಯೊಂದಿದೆ. "ಸಿಸ್ಟರ್, ನಮ್ಮ ಹುಡುಗಿಗೆ ಇನ್ನೂ ಹನ್ನೆರಡು. ಗರ್ಭಕೋಶದ ಕ್ಯಾನ್ಸರಿನ ಇಂಜೆಕ್ಷನ್ ಅವಳಿಗೆ ಈಗಲೇ ಏಕೆ? ಮದುವೆಯಾದ ಮೇಲೆ ಹಾಕಿಸಿದರೆ ಆಗುವುದಿಲ್ಲವೇ?" ಅಡಿಕೆ ಸುಲಿಯುವ ಚಪ್ಪರದಲ್ಲಿ ನಾಲ್ಕು ಜನರೆದುರು ಕೇಳಲು ಸಂಕೋಚಪಟ್ಟು ನನ್ನನ್ನು ಹಿತ್ತಲಿಗೆ ಕರೆದೊಯ್ದು ಕೇಳಿದವರೂ ಇದ್ದಾರೆ. ಲಸಿಕೆ ಹಾಕಿಸಿದರೆ ಮಗಳ ನಡತೆಯ ಬಗ್ಗೆ ಊರವರು ಏನೆಂದುಕೊಂಡಾರು ಎಂಬ ಭಯ ಆ ಸಂಕೋಚದ ಹಿಂದಿರುತ್ತದೆ.

ಈ ಕ್ಯಾನ್ಸರ್ ಹುಟ್ಟುವುದು ಗರ್ಭಕೋಶದ ಬಾಯಿಯಲ್ಲಿ, ಅಂದರೆ ಗರ್ಭಕಂಠದಲ್ಲಿ. ಅದಕ್ಕೆ ಕಾರಣ ಎಚ್‌ಪಿವಿ ಎಂಬ ವೈರಸ್ ಎಂದು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ವೈರಸ್ ಹರಡುವುದು ದೈಹಿಕ ಸಂಪರ್ಕದಿಂದ. ಇದನ್ನು ನಾನು ಯಾವ ತಾಯಿಯಿಂದಲೂ ಮುಚ್ಚಿಡುವುದಿಲ್ಲ; ಮುಚ್ಚಿಟ್ಟರೆ ಮೊಬೈಲಿನಲ್ಲಿ ಇನ್ನಾರೋ ಅದನ್ನೇ ಹೆದರಿಸುವಂತೆ ಹೇಳುತ್ತಾರೆ. ಆದರೆ ದಾಂಪತ್ಯ ನಡೆಸುವ ಹೆಚ್ಚುಕಡಿಮೆ ಎಲ್ಲ ಹೆಣ್ಣು ಗಂಡುಗಳಿಗೂ ಬದುಕಿನಲ್ಲಿ ಒಮ್ಮೆಯಾದರೂ ಈ ಸೋಂಕು ತಗಲುತ್ತದೆ, ಒಬ್ಬನೇ ಗಂಡನೊಡನೆ ಬಾಳಿದವಳಿಗೂ ತಗಲಬಹುದು, ಬಹುಪಾಲು ಜನರಲ್ಲಿ ಒಂದೆರಡು ವರ್ಷಗಳಲ್ಲಿ ಅದು ತಾನಾಗಿಯೇ ಹೋಗುತ್ತದೆ ಎಂಬುದನ್ನೂ ಜೊತೆಗೇ ಹೇಳುತ್ತೇನೆ. ಹೋಗದೆ ಉಳಿದ ಕೆಲವರಲ್ಲಿ 15–20 ವರ್ಷಗಳ ನಂತರ ಕ್ಯಾನ್ಸರ್ ಆಗಬಹುದು. ಇದರಲ್ಲಿ ನಡತೆಯ ಮಾತಿಗೆ ಜಾಗವೇ ಇಲ್ಲ.

ಲಸಿಕೆ ಸೋಂಕನ್ನು ತಡೆಯಬಲ್ಲದೇ ಹೊರತು ಒಳಹೊಕ್ಕ ಸೋಂಕನ್ನು ಹೊರಗಟ್ಟಲಾರದು. 9ರಿಂದ 14ರ ವಯಸ್ಸನ್ನು ಆರಿಸಿಕೊಂಡಿರುವುದು ಅದಕ್ಕಾಗಿಯೇ. ಆ ವಯಸ್ಸಿನಲ್ಲಿ ದೇಹ ರೋಗನಿರೋಧಕ ಶಕ್ತಿಯನ್ನು ಹೆಚ್ಚು ಬಲವಾಗಿ ಬೆಳೆಸಿಕೊಳ್ಳುತ್ತದೆ ಕೂಡ. ಹೆಪಟೈಟಿಸ್ ಬಿ ಸಹ ದೈಹಿಕ ಸಂಪರ್ಕದಿಂದ ಹರಡಬಲ್ಲದು, ಯಕೃತ್ತಿನ ಕ್ಯಾನ್ಸರ್ ತರಬಲ್ಲದು. ಅದರ ಲಸಿಕೆಯನ್ನು ಹುಟ್ಟಿದ 24 ಗಂಟೆಗಳೊಳಗೆ ಹಾಕುತ್ತೇವೆ. ನನ್ನ ಇಡೀ ಸೇವೆಯಲ್ಲಿ ಒಬ್ಬ ತಾಯಿಯೂ ಅದಕ್ಕೆ ಮದುವೆಯ ಲೆಕ್ಕ ಹಾಕಲಿಲ್ಲ.

ಮಲೆನಾಡಿನವರು ಲಸಿಕೆ ಎಂದಾಗ ಹಿಂಜರಿದರೆ ಅದನ್ನು ಅಜ್ಞಾನವೆಂದು ನಾನು ಒಪ್ಪಲಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಲಸಿಕೆಯೊಂದಿತ್ತು. ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಾಗಿದ್ದ ಆ ಚುಚ್ಚುಮದ್ದಿನ ನೋವನ್ನು ಸಹಿಸಿಕೊಂಡವರಲ್ಲೂ ಕೆಲವರಿಗೆ ಅದೇ ಕಾಯಿಲೆ ಬಂದುದನ್ನು ನಮ್ಮ ಜನ ಕಣ್ಣಾರೆ ಕಂಡಿದ್ದಾರೆ. ಕೊನೆಗೆ ಅದರ ಬಳಕೆಯೇ ನಿಂತಿತು. ಹಾಗಾಗಿ "ಇದೂ ಹಾಗೆಯೇ ಅಲ್ಲವೇ?" ಎಂದು ಕೇಳುವ ಹಕ್ಕು ಅವರಿಗಿದೆ. ಹಾಗಲ್ಲ ಎನ್ನಲು ನನ್ನ ಬಳಿ ಆಧಾರವಿದೆ. ಸ್ವೀಡನ್ನಿನಲ್ಲಿ 17 ವರ್ಷಕ್ಕೆ ಮೊದಲು ಲಸಿಕೆ ಪಡೆದವರಲ್ಲಿ ಲಸಿಕೆ ಪಡೆಯದವರಿಗಿಂತ ಗರ್ಭಕಂಠದ ಕ್ಯಾನ್ಸರ್ ಶೇ. 88ರಷ್ಟು ಕಡಿಮೆಯಾಗಿದ್ದುದು 2020ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಾದರೋ, 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ 1.27 ಲಕ್ಷ ಮಹಿಳೆಯರಿಗೆ ಈ ರೋಗ ಬಂದು, ಸುಮಾರು 80 ಸಾವಿರ ಮಂದಿ ತೀರಿಕೊಂಡರು.

ಈ ಲಸಿಕೆಗೇ ಅಂಟಿಕೊಂಡ ಹಳೆಯ ಕಥೆಯೊಂದಿದೆ. 2009–10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಹುಡುಗಿಯರಿಗೆ ಪ್ರಾಯೋಗಿಕವಾಗಿ ಇದನ್ನು ಹಾಕಿದಾಗ ಏಳು ಮಂದಿ ತೀರಿಕೊಂಡರು, ಯೋಜನೆ ನಿಂತಿತು. ಸಾವಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಎಷ್ಟೋ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ತಂದೆತಾಯಿಯರ ಬದಲು ಹಾಸ್ಟೆಲಿನವರು ಸಹಿ ಹಾಕಿದ್ದರು, ಅದನ್ನು ಸಂಸದೀಯ ಸಮಿತಿಯೂ 2013ರಲ್ಲಿ ಕಟುವಾಗಿ ಟೀಕಿಸಿತು. ತಾಯಿಗೆ ತಿಳಿಸದೆ ಮಗಳಿಗೆ ಸೂಜಿ ಚುಚ್ಚಿದ್ದು ದೊಡ್ಡ ತಪ್ಪು. ಅಂದು ಹುಟ್ಟಿದ ಅನುಮಾನ ಇಂದಿಗೂ ವಾಟ್ಸಾಪಿನಲ್ಲಿ ತಿರುಗುತ್ತಿದೆ. ಆದರೆ ಸಿಕ್ಕಿಂನಲ್ಲಿ 2018ರಲ್ಲಿ ಶಿಕ್ಷಕರಿಗೂ ಪೋಷಕರಿಗೂ ಮೊದಲೇ ವಿವರಿಸಿ ಶಾಲೆಗಳಲ್ಲಿ ಹಾಕಿದಾಗ, 9–14 ವಯಸ್ಸಿನ ಶೇ. 95ಕ್ಕೂ ಹೆಚ್ಚು ಹುಡುಗಿಯರು ಲಸಿಕೆ ಪಡೆದರು.

ಮುಂದೆ ಮಕ್ಕಳಾಗುವುದಿಲ್ಲವಂತೆ ಎಂಬ ಮಾತು ಸುಳ್ಳು. ಲಸಿಕೆಯಲ್ಲಿರುವುದು ವೈರಸ್ಸಿನ ಹೊರಕವಚವನ್ನು ಹೋಲುವ ಪ್ರೋಟೀನು. ಜೀವಂತ ವೈರಸ್ ಅಲ್ಲ. ತೋಳು ನೋಯಬಹುದು, ಸಣ್ಣ ಜ್ವರ ಬರಬಹುದು. ಈ ವಯಸ್ಸಿನವರಿಗೆ ಸೂಜಿಯ ಭಯಕ್ಕೆ ತಲೆ ಸುತ್ತುವುದುಂಟು, ಆದ್ದರಿಂದ ಹದಿನೈದು ನಿಮಿಷ ಕೂರಿಸಬೇಕು. ಭಾರತದಲ್ಲೇ ತಯಾರಾದ ಸರ್ವಾವ್ಯಾಕ್ ಎಂಬ ಎಚ್‌ಪಿವಿ ಲಸಿಕೆಗೆ 2022ರಲ್ಲಿ ಅನುಮತಿ ದೊರೆತಿದೆ. ನಿಮ್ಮ ಮಗಳಿಗೆ ಎಷ್ಟು ಡೋಸ್, ಎಲ್ಲಿ ಸಿಗುತ್ತದೆ ಎಂಬುದನ್ನು ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಕೇಳಿ.

ನನ್ನ ವ್ಯಾಪ್ತಿಯ ಹಳ್ಳಿಯೊಂದರಲ್ಲಿ ಮುಟ್ಟು ನಿಂತು ಆರು ವರ್ಷವಾದ ಮೇಲೆ ಮತ್ತೆ ರಕ್ತ ಕಂಡ ಒಬ್ಬರು, ಸೊಸೆಗೂ ಹೇಳದೆ ಎರಡು ಮಳೆಗಾಲ ಕಳೆದರು. ನಾನು ಜೊತೆಗೆ ನಿಂತು ಬೆಂಗಳೂರಿನ ರಾತ್ರಿ ಬಸ್ಸು ಹತ್ತಿಸುವ ಹೊತ್ತಿಗೆ ತಡವಾಗಿತ್ತು. ಅವರನ್ನು ನೆನೆದಾಗಲೆಲ್ಲ, ಪ್ರಶ್ನೆ ಕೇಳಲು ಬಂದ ತಾಯಿಯನ್ನು ಬರಿದೇ ಮಗಳ ವಿಷಯ ಹೇಳಿ ಕಳಿಸಲು ಮನಸ್ಸು ಬರುವುದಿಲ್ಲ. ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯದು, ತಾಯಿಯ ವಯಸ್ಸಿನವರಿಗೆ ಅದರಿಂದ ಹೆಚ್ಚಿನ ಉಪಯೋಗವೂ ಇಲ್ಲ. ಆದರೆ ಮೂವತ್ತು ದಾಟಿದವರ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ ನೋಡುವ, ಕೆಲವೇ ನಿಮಿಷಗಳ ಪರೀಕ್ಷೆಯೊಂದಿದೆ. ಕ್ಯಾನ್ಸರ್ ಆಗುವ ಮುನ್ನವೇ ಬದಲಾವಣೆ ಅದರಲ್ಲಿ ಕಾಣುತ್ತದೆ. ಹಾಗಾಗಿ ಮಗಳಿಗೆ ದಿನ ಗೊತ್ತುಮಾಡಿಕೊಂಡು ಹೊರಟ ತಾಯಿಯನ್ನು ನಿಲ್ಲಿಸಿ, "ನಿಮ್ಮ ಪರೀಕ್ಷೆ ಆಗಿದೆಯೇನಮ್ಮಾ?" ಎಂದು ಕೇಳುತ್ತೇನೆ. ಹೆಚ್ಚಿನವರು ಇಲ್ಲವೆಂದು ತಲೆಯಾಡಿಸುತ್ತಾರೆ. ಇಬ್ಬರೂ ಒಂದೇ ದಿನ ಹೋಗಿಬನ್ನಿ ಎನ್ನುತ್ತೇನೆ.